ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ

ಈ ಸ್ಮರಣಸಂಚಿಕೆಗಾಗಿ ಒಬ್ಬ ಸ್ತ್ರೀರತ್ನದ ಜೀವನಚರಿತ್ರೆಯನ್ನು ಬರೆದುಕೊಡಬೇಕೆಂದು ಕೇಳಿಕೊಂಡಾಗ ನಾವು ಹೆಚ್ಚು ಯೋಚಿಸಬೇಕಾಗಿ ಬರಲಿಲ್ಲ. ಪಂಡಿತಾ ರಮಾಬಾಯಿಯವರ ಹೆಸರನ್ನು ಕೇಳದವರು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ವಿರಳ. ವಿಧವೆಯರಿಗೂ ಅನಾಥೆಯರಿಗೂ ಆಶ್ರಯವನ್ನು ಕಟ್ಟಿದ ಮಹಾರಾಷ್ಟ್ರದ ವಿದುಷಿಯೆಂದು ಅವರನ್ನು ಎಲ್ಲರೂ ಬಲ್ಲರು. ಆದರೆ ಅವರು ಹುಟ್ಟಿದುದು ನಮ್ಮ ಕನ್ನಡ ನಾಡಿನ ಮಲೆಸೀಮೆಯಲ್ಲಿ ಎಂಬುದನ್ನು ಬಲ್ಲವರು ಕಡಿಮೆ. ಲೋಕವೆಲ್ಲ ಕೊಂಡಾಡುತ್ತಿದ್ದ ಈ ಮಹಿಳೆಯು, ದೇವರ ಸಮ್ಮುಖದಲ್ಲಿ ತನ್ನ ಬೆಲೆ ಏನೆಂಬ ಪ್ರಶ್ನೆಗೆ ನೆಮ್ಮದಿಯಾದ ಉತ್ತರವನ್ನು ಕಾಣದೆ ಮೂವತ್ತು ವರ್ಷಗಳಿಗಿಂತಲೂ ಹೆಚ್ಚು ಕಾಲ ತೊಳಲಿದರೆಂಬುದನ್ನು ಬಲ್ಲವರಂತೂ ಮತ್ತೂ ಕಡಿಮೆ. ಹೆಣ್ಣುಮಕ್ಕಳ ಬೆಲೆಯನ್ನು ಪರೀಕ್ಷೆಯ ಅಂಕಗಳಿಂದಲೂ, ಮೈಬಣ್ಣದಿಂದಲೂ, ವರನ ಕಡೆಯವರ ಮಾತಿನಿಂದಲೂ ಅಳೆಯುವ ವಾಡಿಕೆಯು ಇನ್ನೂ ನಿಂತಿಲ್ಲವಾದುದರಿಂದ, ಅವರ ಜೀವಿತದ ಈ ಭಾಗವನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕೆಂದಿದ್ದೇವೆ.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಕಡೆಯ ಮಾಳ ಗ್ರಾಮದ ಚಿತ್ಪಾವನ ಬ್ರಾಹ್ಮಣರು. ಎಳವೆಯಲ್ಲಿ ಪುಣೆಗೆ ಹೋಗಿ ಸಂಸ್ಕೃತವನ್ನು ಕಲಿಯುತ್ತಿದ್ದಾಗ, ಅವರ ಗುರುಗಳು ಪೇಶ್ವೆಯವರ ರಾಣಿಗೆ ಸಂಸ್ಕೃತ ಪಾಠವನ್ನು ಹೇಳುತ್ತಿದ್ದುದು ಈ ಶಿಷ್ಯನ ಗಮನಕ್ಕೆ ಬಂದಿತು. ಹೆಂಗಸಿನ ಬಾಯಿಂದ ಶುದ್ಧವಾದ ಶ್ಲೋಕವು ಹೊರಡುವುದನ್ನು ಕೇಳಿ ಬೆರಗಾದ ಅವರು, ತಾವೂ ತಮ್ಮ ಹೆಂಡತಿಗೆ ಕಲಿಸಬೇಕೆಂದು ನಿಶ್ಚಯಿಸಿಕೊಂಡರು. ಮೊದಲನೆಯ ಹೆಂಡತಿಯ ಕಾಲದಲ್ಲಿ ಮನೆಯವರ ವಿರೋಧದಿಂದ ಅದು ಕೈಗೂಡಲಿಲ್ಲ. ಆಕೆಯು ತೀರಿಕೊಂಡ ಮೇಲೆ ಗೋದಾವರಿಯ ತೀರದಲ್ಲಿ ಯಾತ್ರಿಕನೊಬ್ಬನು ತನ್ನ ಒಂಭತ್ತು ವರ್ಷದ ಮಗಳನ್ನು, ನಾಲ್ವತ್ತನ್ನು ದಾಟಿದ್ದ ಈ ಶಾಸ್ತ್ರಿಗಳಿಗೆ ಧಾರೆಯೆರೆದು ಕೊಟ್ಟನು. ಆ ಬಾಲೆಯೇ ಲಕ್ಷ್ಮೀಬಾಯಿ. ಅಂಥ ಮದುವೆಯನ್ನು ಇಂದು ಯಾರೂ ಮೆಚ್ಚುವುದಿಲ್ಲ, ನಾವೂ ಮೆಚ್ಚುವುದಿಲ್ಲ. ಆದರೂ ಆ ವರನು ಮಾಡಿದ ಮೊದಲನೆಯ ಕೆಲಸವು ಹೆಂಡತಿಗೆ ಅಕ್ಷರಗಳನ್ನು ತಿದ್ದಿಸಿದ್ದೆಂಬುದನ್ನು ಮರೆಯಬಾರದು. ನೆರೆಹೊರೆಯವರು ಮುನಿದರು. ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ಶಾಸ್ತ್ರಿಗಳು ಸಮಾಧಾನ ಹೇಳಬೇಕಾಯಿತು. ವೇದಗಳ ಹೊರತು ಉಳಿದ ಸಂಸ್ಕೃತ ವಾಙ್ಮಯವನ್ನು ಸ್ತ್ರೀಯರು ಓದಬಹುದೆಂಬುದಕ್ಕೆ ಅವರು ಗ್ರಂಥಗಳಿಂದಲೇ ಆಧಾರಗಳನ್ನು ತೆಗೆದು ತೋರಿಸಿದರು. ಬಳಿಕ ಊರ ಗದ್ದಲವೇ ಬೇಡವೆಂದು, ತುಂಗೆ ಭದ್ರೆ ನೇತ್ರಾವತಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ಮನೆಯನ್ನು ಕಟ್ಟಿಕೊಂಡು ನೆಲಸಿದರು. ಹುಲಿಗಳು ತಿರುಗಾಡುತ್ತಿದ್ದ ಆ ಅಡವಿಯಲ್ಲಿ ೧೮೫೮ನೆಯ ಇಸವಿ ಏಪ್ರಿಲ್ ತಿಂಗಳ ೨೩ನೆಯ ತಾರೀಖಿನಲ್ಲಿ ರಮಾ ಹುಟ್ಟಿದಳು.

ಅತಿಥಿಗಳನ್ನೂ ವಿದ್ಯಾರ್ಥಿಗಳನ್ನೂ ಸಾಕುತ್ತಾ ಶಾಸ್ತ್ರಿಗಳು ಸಾಲದಲ್ಲಿ ಮುಳುಗಿದರು. ಮಗುವಿಗೆ ಆರು ತಿಂಗಳಾಗುವಷ್ಟರಲ್ಲಿ ಕುಟುಂಬವು ಮನೆಯನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಬುಟ್ಟಿಯೊಂದರಲ್ಲಿ ಆಳಿನ ತಲೆಯ ಮೇಲೆ ಕುಳಿತು ಗಂಗಾಮೂಲದಿಂದ ಇಳಿದುಬಂದ ಆ ಕೂಸಿಗೆ ಮುಂದೆ ಅನೇಕ ವರ್ಷಗಳ ವರೆಗೆ ಮನೆಯೆಂಬುದೇ ಇರಲಿಲ್ಲ. ದೇವಸ್ಥಾನಗಳ ಜಗಲಿಗಳೂ ನದೀತೀರಗಳೂ ಅವರ ವಾಸಸ್ಥಾನಗಳಾದುವು. ತಂದೆಯು ಪುರಾಣವನ್ನು ಓದಿ ಹೇಳುವರು, ಕೇಳಿದವರು ಅಕ್ಕಿಯನ್ನೋ ಕಾಸನ್ನೋ ಇಡುವರು, ಮಿಕ್ಕಿದ್ದನ್ನು ಇವರು ದಾನ ಮಾಡುವರು. ತಂದೆಗೆ ವಯಸ್ಸಾಗಿದ್ದುದರಿಂದ ಮಗಳ ಪಾಠವು ತಾಯಿಯ ಪಾಲಿಗೆ ಬಂದಿತು. ಬೆಳಗಿನ ಜಾವದಲ್ಲಿ, ಮನೆಗೆಲಸಗಳು ಆರಂಭವಾಗುವುದಕ್ಕೆ ಮೊದಲೇ, ಲಕ್ಷ್ಮೀಬಾಯಿಯು ಮಗಳನ್ನು ಎಬ್ಬಿಸಿ ಕೂರಿಸಿಕೊಂಡು ಬಾಯಿಪಾಠ ಮಾಡಿಸುತ್ತಿದ್ದಳು. ಭಾಗವತದ ಹದಿನೆಂಟು ಸಾವಿರ ಶ್ಲೋಕಗಳು ಹುಡುಗಿಗೆ ಕಂಠಸ್ಥವಾದುವು. ಊರೂರು ತಿರುಗಿದುದರಿಂದ ಮರಾಠಿಯೊಡನೆ ಕನ್ನಡ, ಹಿಂದೂಸ್ತಾನಿ ಮುಂತಾದ ಭಾಷೆಗಳೂ ತಾವಾಗಿಯೇ ಬಂದುವು. ನಮ್ಮಲ್ಲಿ ಶಿಕ್ಷಕಿಯರ ತರಬೇತಿಯನ್ನು ಪಡೆದವರಿಗೆ ಇಲ್ಲೊಂದು ವಿಚಾರವು ತೋರದೆ ಇರದು. ಕಪ್ಪು ಹಲಗೆಯಿಲ್ಲ, ಪುಸ್ತಕವಿಲ್ಲ, ಕಟ್ಟಡವಿಲ್ಲ. ತಾನು ಕಲಿತುದನ್ನು ಮಗಳಿಗೆ ಕೊಡಬೇಕೆಂಬ ಒಬ್ಬ ತಾಯಿಯ ಛಲ ಮಾತ್ರವಿತ್ತು. ಭಾರತದ ಹೆಸರಾಂತ ವಿದುಷಿಯೊಬ್ಬಳು ಆ ಪಾಠಶಾಲೆಯಿಂದಲೇ ತೇರ್ಗಡೆಯಾದಳು.

೧೮೭೪ನೆಯ ಇಸವಿಯ ಸುಮಾರಿಗೆ ಕ್ಷಾಮವು ಈ ಕುಟುಂಬವನ್ನು ಹಿಡಿಯಿತು. ಇದ್ದ ಹಣವನ್ನೆಲ್ಲ ದೇವತೆಗಳ ಪ್ರೀತಿಗಾಗಿ ದಾನಧರ್ಮಗಳಲ್ಲಿ ವೆಚ್ಚ ಮಾಡಿಬಿಟ್ಟಿದ್ದರು. ಕೂಲಿಮಾಡುವುದಕ್ಕೆ ಕುಲಾಭಿಮಾನವು ಬಿಡದು, ಕೈಗೆಲಸವೊಂದನ್ನೂ ಯಾರೂ ಕಲಿತಿರಲಿಲ್ಲ. ತಿರುಪತಿಯ ಸುತ್ತಣ ಕಾಡಿನಲ್ಲಿ ಹನ್ನೊಂದು ಹಗಲು ಹನ್ನೊಂದು ರಾತ್ರಿ ನೀರನ್ನೂ ಎಲೆಗಳನ್ನೂ ಹಿಡಿಯಷ್ಟು ಕಾಡುಖರ್ಜೂರವನ್ನೂ ತಿಂದು ಕಳೆದರು. ಕಣ್ಣು ಕಾಣದ ಮುದಿ ತಂದೆಯು ಪುಣ್ಯತೀರ್ಥದಲ್ಲಿ ಮುಳುಗಿ ಪ್ರಾಣವನ್ನು ಬಿಡುವೆನೆಂದು ಹೊರಟರು. ಆಗ ಮಗನಾದ ಶ್ರೀನಿವಾಸನು ಅಭಿಮಾನವನ್ನು ತೊರೆದು ಕೂಲಿಗೆ ಹೋಗುವೆನೆಂದು ತಡೆದನು. ಆದರೆ ತಂದೆಯ ದೇಹವು ಅದಾಗಲೇ ಸೋತುಹೋಗಿದ್ದಿತು. ಅವರು ಸಾಯುವುದಕ್ಕೆ ಮುಂಚೆ ಕಿರಿಯ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡು, ತಾನು ಅವಳನ್ನು ದೇವರ ಕೈಯಲ್ಲಿ ಒಪ್ಪಿಸಿರುವುದಾಗಿಯೂ, ಅವಳು ಆತನಿಗೇ ಸೇರಿದವಳೆಂದೂ, ಬಾಳುವಷ್ಟು ಕಾಲವೂ ಆತನನ್ನೇ ಸೇವಿಸಬೇಕೆಂದೂ ತಿಳಿಸಿದರು. ಈ ಮಾತನ್ನು ರಮಾಬಾಯಿಯವರು ಎಂದಿಗೂ ಮರೆಯಲಿಲ್ಲ. ತಂದೆಯು ಹೆಸರಿಸಿದ ದೇವರು ಯಾರು, ಆತನು ತನ್ನನ್ನು ನಿಜವಾಗಿ ಬಲ್ಲನೇ ಎಂಬುದು ಮಾತ್ರ ಬಹುಕಾಲದ ವರೆಗೆ ಅವರಿಗೆ ತಿಳಿಯದೆ ಹೋಯಿತು.

ಕೆಲವು ತಿಂಗಳುಗಳಲ್ಲಿಯೇ ತಾಯಿಯು ರಾಯಚೂರಿನಲ್ಲಿ ಹಸಿವೆಯಿಂದ ಸತ್ತಳು. ಹೆಣವನ್ನು ಹೊರುವುದಕ್ಕೆ ಸಾಕಾದಷ್ಟು ಜನರು ಸಿಕ್ಕದೆ ಚಟ್ಟದ ಒಂದು ಮೂಲೆಗೆ ರಮಾಬಾಯಿಯವರೇ ನಿಲ್ಲಬೇಕಾಯಿತು. ಎತ್ತರ ಸಾಲದುದರಿಂದ ಹೆಗಲಿಗೆ ಬದಲಾಗಿ ತಲೆಯ ಮೇಲೆ ಹೊತ್ತು ನಡೆದರು. ಅಕ್ಕ ಕೃಷ್ಣಾಬಾಯಿಯೂ ತೀರಿಕೊಂಡಳು. ಅಣ್ಣತಂಗಿಯರಿಬ್ಬರೇ ಉಳಿದು, ಬರಿಗಾಲಿನಲ್ಲಿ ಉತ್ತರ ದೇಶಕ್ಕೆ ನಡೆದರು. ಝೀಲಂ ನದಿಯ ದಡದಲ್ಲಿ ಚಳಿಯನ್ನು ತಾಳಲಾರದೆ ಮರಳಿನಲ್ಲಿ ಗೋರಿಯಂತೆ ಗುಂಡಿಗಳನ್ನು ತೋಡಿ, ತಲೆಯ ಹೊರತು ಮೈಯೆಲ್ಲವನ್ನೂ ಮರಳಿನಿಂದ ಮುಚ್ಚಿಕೊಂಡು ಮಲಗಿದರು. ಹೀಗೆ ಇವರು ನಡೆದ ದಾರಿಯು ನಾಲ್ಕು ಸಾವಿರ ಮೈಲಿಗಳೆಂದು ಲೆಕ್ಕ. ಮಾಡಿದ ವ್ರತಗಳಿಗೂ ಕೊಟ್ಟ ದಾನಗಳಿಗೂ ಫಲವು ಕಾಣದುದರಿಂದ ಹಳೆಯ ನಂಬಿಕೆಯು ದಿನೇ ದಿನೇ ಸಡಿಲವಾಗುತ್ತಾ ಬಂದಿತು.

೧೮೭೮ರಲ್ಲಿ ಅವರು ಕಲ್ಕತ್ತೆಯನ್ನು ಸೇರಿದರು. ಇಪ್ಪತ್ತು ವರ್ಷದ ಹೆಣ್ಣುಮಗಳು ಸಂಸ್ಕೃತದಲ್ಲಿ ನಿರರ್ಗಳವಾಗಿ ಮಾತನಾಡುವುದನ್ನು ಕೇಳಿದ ಅಲ್ಲಿನ ಪಂಡಿತರು ಅವರಿಗೆ ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದುಗಳನ್ನು ಕೊಟ್ಟು ಗೌರವಿಸಿದರು. ಕೆಲವೇ ವರ್ಷಗಳ ಹಿಂದೆ ಎಲೆಗಳನ್ನು ಅಗಿದು ಬದುಕಿದ್ದ ಹುಡುಗಿಗೆ ಇದು ಎಂಥ ಏರಿಕೆ! ಆದರೆ ಬಿರುದಿನ ಬೆನ್ನಿಗೇ ಒಂದು ಪೆಟ್ಟು ಬಿದ್ದಿತು. ಸ್ತ್ರೀಯರ ಸಭೆಗಳಲ್ಲಿ ಸ್ತ್ರೀಧರ್ಮವನ್ನು ಕುರಿತು ಉಪನ್ಯಾಸ ಮಾಡಬೇಕೆಂದು ಜನರು ಕೇಳಿದುದರಿಂದ ಅವರು ಧರ್ಮಶಾಸ್ತ್ರಗಳನ್ನು ಕ್ರಮವಾಗಿ ಓದತೊಡಗಿದರು. ಶಾಸ್ತ್ರಕಾರರು ಬೇರೆ ಎಷ್ಟೋ ವಿಷಯಗಳಲ್ಲಿ ಒಬ್ಬರನ್ನೊಬ್ಬರು ಖಂಡಿಸಿದರೂ ಒಂದು ವಿಷಯದಲ್ಲಿ ಮಾತ್ರ ಒಮ್ಮತದಿಂದಿರುವಂತೆ ಅವರಿಗೆ ಕಂಡಿತು. ಸ್ತ್ರೀಜಾತಿಯು ಸ್ವಭಾವದಿಂದಲೇ ಅಶುದ್ಧವಾದುದು, ಪುರುಷನಂತೆ ಅವಳು ತಾನಾಗಿ ಮೋಕ್ಷಕ್ಕೆ ಅರ್ಹಳಲ್ಲ, ಪತಿಯ ಸೇವೆಯೊಂದೇ ಅವಳಿಗೆ ಗತಿ ಎಂಬುದೇ ಆ ವಿಷಯ. ಆ ಗ್ರಂಥಗಳಿಗೆ ಬೇರೆ ವಿಧವಾಗಿ ಅರ್ಥ ಹೇಳುವ ವಿದ್ವಾಂಸರು ಉಂಟೆಂಬುದನ್ನು ನಾವು ಬಲ್ಲೆವು. ರಮಾಬಾಯಿಯವರಿಗೆ ಕಂಡುದನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇವೆ. ಯಾವ ವಿದ್ಯೆಗಾಗಿ ಲೋಕವು ಅವರನ್ನು ಸರಸ್ವತಿಯೆಂದು ಕರೆಯಿತೋ ಆ ವಿದ್ಯೆಯೇ ಅವರ ಮುಂದೆ ಪುಸ್ತಕವನ್ನು ಬಿಚ್ಚಿ, ಹೆಣ್ಣಾದ ನಿನಗೆ ಸ್ವಂತ ಬೆಲೆಯಿಲ್ಲವೆಂದು ತೋರಿಸಿದಂತಾಯಿತು.

ಬ್ರಹ್ಮಸಮಾಜದ ಕೇಶವಚಂದ್ರ ಸೇನರು ಅವರ ಕೈಗೆ ವೇದದ ಪ್ರತಿಯೊಂದನ್ನು ಕೊಟ್ಟು ಓದಬೇಕೆಂದರು. ಹೆಂಗಸು ವೇದವನ್ನು ಮುಟ್ಟಬಾರದೆಂದು ನಂಬಿದ್ದ ಅವರು ಹಿಂಜರಿಯುತ್ತಲೇ ಓದಿದರು. ಕಲ್ಕತ್ತೆಯ ಕ್ರೈಸ್ತರ ಕೂಟವೊಂದಕ್ಕೂ ಹೋಗಿದ್ದರು. ಅಲ್ಲಿ ಜನರು ಕುರ್ಚಿಗಳ ಕಡೆಗೆ ತಿರುಗಿ ಮೊಣಕಾಲೂರಿ ಕಣ್ಣು ಮುಚ್ಚಿಕೊಂಡುದನ್ನು ನೋಡಿ, ಇವರು ಕುರ್ಚಿಗಳನ್ನೇ ಪೂಜಿಸುವರೆಂದು ಅಣ್ಣತಂಗಿಯರು ತಿಳಿದುಕೊಂಡರಂತೆ. ನಾವು ಭಕ್ತಿಯೆಂದು ಮಾಡುವ ಕ್ರಿಯೆಗಳು ಹೊರಗಿನವರ ಕಣ್ಣಿಗೆ ಹೇಗೆ ಕಾಣುವುವೆಂಬುದಕ್ಕೆ ಇದೊಂದು ಒಳ್ಳೆಯ ಉದಾಹರಣೆ.

೧೮೮೦ರಲ್ಲಿ ಅಣ್ಣನು ಢಾಕಾದಲ್ಲಿ ತೀರಿಕೊಂಡನು. ಅದೇ ವರ್ಷ ರಮಾಬಾಯಿಯವರು ಬ್ರಾಹ್ಮಣೇತರರಾದ ಬಂಗಾಳಿ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರನ್ನು ಜಾತಿಯ ಕಟ್ಟನ್ನು ಮುರಿದು ಮದುವೆಯಾದರು. ಅಸ್ಸಾಮಿನ ಸಿಲ್ಚಾರಿನಲ್ಲಿ ಸಂಸಾರವು ಸುಖವಾಗಿದ್ದಿತು. ಗಂಡನ ಪುಸ್ತಕಗಳ ನಡುವೆ ಬಂಗಾಳಿಯ ಲೂಕನ ಸುವಾರ್ತೆಯೊಂದು ಅವರ ಕೈಗೆ ಸಿಕ್ಕಿತು. ಓದಿ ಮನಸ್ಸು ಎಳೆಯಿತಾದರೂ, ಹೆಂಡತಿಯು ಕ್ರೈಸ್ತಳಾಗುವುದನ್ನು ಗಂಡನು ಇಷ್ಟಪಡಲಿಲ್ಲ. ೧೮೮೧ರಲ್ಲಿ ಮಗಳು ಮನೋರಮೆಯು ಹುಟ್ಟಿದಳು. ಮರುವರ್ಷ ಫೆಬ್ರವರಿಯಲ್ಲಿ ವಾಂತಿಭೇದಿಯ ಜಾಡ್ಯವು ಗಂಡನನ್ನು ಕೊಂಡೊಯ್ದಿತು. ಇಪ್ಪತ್ತಮೂರು ವರ್ಷದ ವಿಧವೆಯು ಹೆಣ್ಣುಕೂಸನ್ನು ಎತ್ತಿಕೊಂಡು ಪುಣೆಗೆ ಬಂದರು. ಅಲ್ಲಿ ಅದೇ ೧೮೮೨ರಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು, ಸ್ತ್ರೀಧರ್ಮನೀತಿ ಎಂಬ ಪುಸ್ತಕವನ್ನು ಬರೆದರು, ಹಂಟರ್ ಆಯೋಗದ ಮುಂದೆ ನಿಂತು ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ಸಾಕ್ಷಿ ನುಡಿದರು. ಪುಸ್ತಕದಿಂದ ಬಂದ ಹಣವು ಇಂಗ್ಲೆಂಡಿನ ಪ್ರಯಾಣಕ್ಕೆ ಒದಗಿತು. ತಾವೂ ವೈದ್ಯವಿದ್ಯೆಯನ್ನು ಕಲಿಯಬೇಕೆಂದು ೧೮೮೩ರಲ್ಲಿ ಹಡಗನ್ನು ಹತ್ತಿದರು. ಮತವನ್ನು ಬದಲಿಸುವ ಸಂಕಲ್ಪವು ಆಗ ಅವರಲ್ಲಿ ಇರಲಿಲ್ಲ.

ವಾಂಟೇಜ್ ಎಂಬ ಊರಿನಲ್ಲಿ ಕನ್ಯಾಮರಿಯಮ್ಮನವರ ಹೆಸರಿನ ಆಂಗ್ಲಿಕನ್ ಸಹೋದರಿಯರು ಅವರಿಗೆ ಆಶ್ರಯವನ್ನು ಕೊಟ್ಟರು. ಕಿವಿ ಮಂದವಾಗುತ್ತಾ ಬಂದುದರಿಂದ ವೈದ್ಯವಿದ್ಯೆಯ ಆಸೆಯು ಅಲ್ಲಿಗೇ ನಿಂತಿತು. ಜೊತೆಗೆ ಬಂದಿದ್ದ ಸ್ನೇಹಿತೆಯು ಮನೋವ್ಯಥೆಯಿಂದ ವಿಷ ತೆಗೆದುಕೊಂಡು ಸತ್ತಳು. ಈ ದುಃಖದ ದಿನಗಳಲ್ಲಿ ಸಹೋದರಿಯರು ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ ನಡೆಸುತ್ತಿದ್ದ ಒಂದು ಗೃಹವನ್ನು ರಮಾಬಾಯಿಯವರು ನೋಡಿದರು. ದಾರಿತಪ್ಪಿದವರೆಂದು ಊರು ಉಗುಳಿದ ಹೆಂಗಸರು ಅಲ್ಲಿದ್ದರು. ಅವರನ್ನು ಯಾರೂ ಹಂಗಿಸುತ್ತಿರಲಿಲ್ಲ, ಶಿಕ್ಷಿಸುತ್ತಿರಲಿಲ್ಲ, ಮಕ್ಕಳಂತೆ ನೋಡಿಕೊಳ್ಳುತ್ತಿದ್ದರು. ಅಂಥ ಹೆಂಗಸರನ್ನು ಮುಟ್ಟಬಾರದು, ಅವರ ವಿಷಯವನ್ನು ಮಾತಾಡಲೂ ಬಾರದೆಂಬ ನಿಯಮದಲ್ಲಿ ಬೆಳೆದಿದ್ದ ರಮಾಬಾಯಿಯವರು ಬೆರಗಾಗಿ ಇದಕ್ಕೆ ಕಾರಣವೇನೆಂದು ವಿಚಾರಿಸಿದರು. ಆಗ ಸಹೋದರಿಯೊಬ್ಬಳು ಯೇಸುಸ್ವಾಮಿಯು ಬಾವಿಯ ಬಳಿಯಲ್ಲಿ ಸಮಾರ್ಯದ ಹೆಂಗಸಿನೊಡನೆ ಮಾತಾಡಿದ ಪ್ರಸಂಗವನ್ನು ವಿವರಿಸಿದಳು. ಪರಜಾತಿಯವಳು, ಹೆಣ್ಣು, ಕೆಟ್ಟ ಹೆಸರಿನವಳು. ಅಂಥವಳ ಕೈಯಿಂದ ನೀರನ್ನು ಕೇಳಿ, ದೇವಾರಾಧನೆಯ ಪರಮರಹಸ್ಯವನ್ನು ಕರ್ತನು ಅವಳಿಗೇ ತಿಳಿಸಿದನು. ಧರ್ಮಶಾಸ್ತ್ರಗಳಲ್ಲಿ ತಾವು ಹುಡುಕಿ ಕಾಣದ ಉತ್ತರದ ಮೊದಲ ಬೆಳಕು ರಮಾಬಾಯಿಯವರಿಗೆ ಅಲ್ಲಿ ಹೊಳೆಯಿತು. ಕಾಶಿಯ ಪಂಡಿತರಾಗಿದ್ದು ಕ್ರೈಸ್ತಗುರುಗಳಾದ ನೆಹೆಮ್ಯಾ ಗೋರೆಯವರ ಪತ್ರಗಳು ಅವರ ತರ್ಕದ ತೊಡಕುಗಳನ್ನು ಬಿಡಿಸಿದುವು. ೧೮೮೩ನೆಯ ಇಸವಿ ಸೆಪ್ಟೆಂಬರ್ ೨೯ರಲ್ಲಿ ತಾಯಿಯೂ ಮಗಳೂ ದೀಕ್ಷಾಸ್ನಾನವನ್ನು ಹೊಂದಿದರು.

ಸ್ವದೇಶದಲ್ಲಿ ಕೋಲಾಹಲವೆದ್ದಿತು. ಮಹಾತ್ಮಾ ಜೋತಿರಾವ್ ಫುಲೆಯವರು ಮಾತ್ರ ಬಹಿರಂಗವಾಗಿ ಅವರ ಪಕ್ಷವನ್ನು ವಹಿಸಿ ಬರೆದರು. ಇತ್ತ ಇಂಗ್ಲೆಂಡಿನಲ್ಲಿಯೂ ಎಲ್ಲವೂ ಸುಗಮವಾಗಿರಲಿಲ್ಲ. ಚೆಲ್ಟೆನ್‌ಹ್ಯಾಮ್‌ನ ಮಹಿಳಾ ಕಾಲೇಜಿನಲ್ಲಿ ಅವರು ಓದುತ್ತಲೂ ಸಂಸ್ಕೃತವನ್ನು ಕಲಿಸುತ್ತಲೂ ಇದ್ದಾಗ, ಹೆಂಗಸು ಗಂಡುಮಕ್ಕಳಿಗೆ ಪಾಠ ಹೇಳುವುದು ತಕ್ಕುದಲ್ಲವೆಂದು ಬಿಷಪ್ಪರು ತಡೆದರು. ಬ್ರಾಹ್ಮಣ ಪುರೋಹಿತರ ನೊಗದಿಂದ ಬಹು ಕಷ್ಟದಿಂದ ಬಿಡಿಸಿಕೊಂಡ ಕುತ್ತಿಗೆಯನ್ನು ಮತ್ತೊಂದು ಪುರೋಹಿತ ವರ್ಗದ ನೊಗಕ್ಕೆ ಒಡ್ಡುವುದಿಲ್ಲವೆಂಬ ಭಾವದಿಂದ ಅವರು ಸಹೋದರಿಯರೊಡನೆ ವಾದಿಸಿದರು. ಶಿಲುಬೆಯ ಮೇಲಿನ ಬರಹವು ಲ್ಯಾಟಿನ್ ಭಾಷೆಯಲ್ಲಿಯೇ ಏಕೆ ಇರಬೇಕು, ಸಂಸ್ಕೃತದಲ್ಲಿ ಇರಬಾರದೇ ಎಂದು ಕೇಳಿದರು. ಮಾಂಸವನ್ನು ಮುಟ್ಟಲಿಲ್ಲ, ಮೊಟ್ಟೆ ಬೆರೆತ ಸಿಹಿತಿನಿಸುಗಳನ್ನೂ ಒಲ್ಲೆನೆಂದರು. ಹಟಮಾರಿಯೆಂದು ಕೆಲವರು ಬೇಸರಪಟ್ಟರು. ನಮ್ಮ ಅಭಿಪ್ರಾಯವು ಬೇರೆ. ದೇವರು ತನಗೆ ಕೊಟ್ಟ ಮನಸ್ಸಾಕ್ಷಿಗೆ ಬೆಲೆಯುಂಟೆಂದು ಆಗತಾನೇ ಕಲಿತವರು ಅದನ್ನು ಮರುದಿನವೇ ಇನ್ನೊಬ್ಬರ ಕೈಗೆ ಒಪ್ಪಿಸಿಬಿಡುವುದು ಹೇಗೆ?

೧೮೮೬ರಲ್ಲಿ, ಆನಂದೀಬಾಯಿ ಜೋಶಿಯವರು ವೈದ್ಯಪದವಿಯನ್ನು ಪಡೆಯುವ ಸಮಾರಂಭಕ್ಕಾಗಿ ಅವರು ಅಮೇರಿಕೆಗೆ ಹೋದರು. ೧೮೮೭ರಲ್ಲಿ ಮೇಲ್ಜಾತಿಯ ಹಿಂದೂ ಸ್ತ್ರೀಯನ್ನು ಕುರಿತ ಇಂಗ್ಲಿಷ್ ಗ್ರಂಥವನ್ನು ಬರೆದರು. ಊರೂರಿನಲ್ಲಿ ಮಾಡಿದ ಭಾಷಣಗಳ ಫಲವಾಗಿ ಬಾಸ್ಟನ್ನಿನಲ್ಲಿ ರಮಾಬಾಯಿ ಸಂಘವು ಏರ್ಪಟ್ಟು ಹತ್ತು ವರ್ಷಗಳ ವರೆಗೆ ಸಹಾಯವನ್ನು ಕೊಡಲೊಪ್ಪಿತು. ೧೮೮೯ನೆಯ ಇಸವಿ ಮಾರ್ಚಿ ೧೧ರಲ್ಲಿ ಮುಂಬಯಿಯಲ್ಲಿ ಇಬ್ಬರು ವಿದ್ಯಾರ್ಥಿನಿಯರೊಡನೆ ಶಾರದಾ ಸದನವು ಆರಂಭವಾಯಿತು. ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬಳಾದ ಗೋದೂಬಾಯಿ ಎಂಬ ಬಾಲವಿಧವೆಯನ್ನು ೧೮೯೩ರಲ್ಲಿ ಧೋಂಡೋ ಕೇಶವ ಕರ್ವೆಯವರು ವಿವಾಹವಾದರು. ೧೮೯೦ರಲ್ಲಿ ಸದನವು ಪುಣೆಗೆ ಬಂದಿತು. ರಾನಡೆ, ಭಂಡಾರಕರರಂಥ ಹಿರಿಯರು ಸಲಹೆಗಾರರಾಗಿ ನಿಂತರು.

ಇಲ್ಲಿಗೆ ರಮಾಬಾಯಿಯವರ ಜೀವನಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ವೇಗವಾಗಿ ಮುಂದಕ್ಕೆ ಹೋಗಿಬಿಡುವರು. ನಾವು ಸ್ವಲ್ಪ ತಡೆಯಬೇಕೆಂದಿದ್ದೇವೆ. ಅವರಿಗೆ ಆಗ ಮೂವತ್ತಮೂರು ವರ್ಷ ವಯಸ್ಸು. ಮೂರು ಖಂಡಗಳಲ್ಲಿ ಹೆಸರು ಹರಡಿತ್ತು. ಗ್ರಂಥಕರ್ತ್ರಿಯಾಗಿದ್ದರು, ಸಂಸ್ಥೆಯ ಒಡತಿಯಾಗಿದ್ದರು, ದೀಕ್ಷಾಸ್ನಾನವಾಗಿ ಎಂಟು ವರ್ಷಗಳು ಕಳೆದಿದ್ದುವು. ಹಾಗಿದ್ದೂ ಒಳಗೆ ಒಂದು ಬರಿದುತನವು ಅವರನ್ನು ಬಾಧಿಸುತ್ತಿತ್ತು. ಆ ಕಾಲದಲ್ಲಿ ವಿಲಿಯಂ ಹ್ಯಾಸ್ಲಂ ಎಂಬ ಇಂಗ್ಲಿಷ್ ಬೋಧಕರ ಆತ್ಮಚರಿತ್ರೆಯು ಅವರ ಕೈಗೆ ಬಂದಿತು. ಆ ಬೋಧಕರು ವರ್ಷಗಟ್ಟಲೆ ಪ್ರಸಂಗಪೀಠದಲ್ಲಿ ನಿಂತು ಬೋಧಿಸಿ, ಸಭೆಯ ಕೆಲಸಗಳನ್ನೆಲ್ಲ ಚೊಕ್ಕವಾಗಿ ಮಾಡಿ, ಕಡೆಗೊಮ್ಮೆ ತಮಗೆ ದೇವರ ಪರಿಚಯವೇ ಇಲ್ಲವೆಂಬುದನ್ನು ಕಂಡುಕೊಂಡವರು. ರಮಾಬಾಯಿಯವರು ಆ ಪುಟಗಳಲ್ಲಿ ತಮ್ಮ ಮುಖವನ್ನೇ ಕಂಡರು. ತಾವು ಕ್ರೈಸ್ತಮತವನ್ನು ಕಂಡುಕೊಂಡಿದ್ದರೂ ಆ ಮತದ ಜೀವವಾದ ಕ್ರಿಸ್ತನನ್ನು ಇನ್ನೂ ಕಂಡುಕೊಂಡಿಲ್ಲವೆಂಬುದು ಅವರಿಗೆ ಆಗ ಸ್ಪಷ್ಟವಾಯಿತು.

ಈ ಸಂಗತಿಯನ್ನು ನಾವು ಹೀಗೆ ತಿಳಿದುಕೊಂಡಿದ್ದೇವೆ. ಎಳವೆಯಲ್ಲಿ ಅವರ ಬೆಲೆಯು ಕುಲದಲ್ಲಿತ್ತು. ಕ್ಷಾಮವು ಅದನ್ನು ಮುರಿಯಿತು. ಬಳಿಕ ಪಾಂಡಿತ್ಯದಲ್ಲಿತ್ತು, ಅದೇ ಪಾಂಡಿತ್ಯವು ಅವರನ್ನು ನಿರಾಕರಿಸಿತು. ಪತ್ನಿಯೆಂಬ ಮಾನವು ಎರಡು ವರ್ಷಗಳೂ ಉಳಿಯಲಿಲ್ಲ. ಕ್ರೈಸ್ತರಾದ ಮೇಲೆ ತಿಳಿಯದಂತೆಯೇ ಅವರು ತಮ್ಮ ದೀಕ್ಷಾಸ್ನಾನದ ಮೇಲೂ ಸೇವಾಕಾರ್ಯದ ಮೇಲೂ ಭಾರವನ್ನು ಹಾಕಿ ನಿಂತಿದ್ದರು. ಸೇವೆಯು ಒಳ್ಳೆಯದೇ; ಆದರೆ ನಾನು ಸೇವಿಸುವುದರಿಂದ ದೇವರಿಗೆ ಬೇಕಾದವಳು ಎಂದುಕೊಂಡವಳಿಗೆ ಸೇವೆಯು ಕುಂದಿದ ದಿನ ಏನು ಉಳಿಯುವುದು? ೧೮೯೧ರಲ್ಲಿ ಅವರು ಕಂಡುಕೊಂಡುದೇನೆಂದರೆ, ಗಳಿಸುವುದಕ್ಕೂ ಕಳೆದುಕೊಳ್ಳುವುದಕ್ಕೂ ಮುಂಚೆಯೇ, ಪಂಡಿತೆಯೂ ಅಲ್ಲದ ಸೇವಕಿಯೂ ಅಲ್ಲದ ಬರಿಯ ರಮೆಯನ್ನು ದೇವರು ತನ್ನ ಮಗನ ಮೂಲಕವಾಗಿ ಪ್ರೀತಿಸಿ ತನ್ನ ಮಗಳೆಂದು ಸ್ವೀಕರಿಸಿರುವನು ಎಂಬುದು. ತಂದೆಯು ಸಾಯುವಾಗ ದೇವರ ಕೈಯಲ್ಲಿ ಒಪ್ಪಿಸಿದ ಮಗಳು ಆ ಕೈಯನ್ನು ಗುರುತಿಸುವುದಕ್ಕೆ ಹದಿನೇಳು ವರ್ಷಗಳು ಹಿಡಿದುವು. ಪರೀಕ್ಷೆಯಲ್ಲಿ ತಪ್ಪಿದ ಹುಡುಗಿಯರು ನಮ್ಮ ಕೊಠಡಿಯ ಬಾಗಿಲಲ್ಲಿ ಬಂದು ನಿಂತು ತಲೆಯೆತ್ತದೆ ಅಳುವುದನ್ನು ಪ್ರತಿವರ್ಷವೂ ನಾವು ನೋಡುತ್ತೇವೆ. ಮೊದಲನೆಯ ದರ್ಜೆಯಲ್ಲಿ ತೇರ್ಗಡೆಯಾಗಿ, ಅದೊಂದನ್ನೇ ನೆಚ್ಚಿಕೊಂಡು ಹೋದವರಲ್ಲಿ ಕೆಲವರು ಹತ್ತು ವರ್ಷಗಳ ಮೇಲೆ ಬಂದು ಹಾಗೆಯೇ ಅತ್ತುದನ್ನೂ ನೋಡಿದ್ದೇವೆ. ಆದುದರಿಂದಲೇ ಇದನ್ನು ಇಷ್ಟು ಉದ್ದವಾಗಿ ಬರೆದೆವು.

ಅಲ್ಲಿಂದ ಮುಂದೆ ಅವರ ಕೆಲಸದ ರೀತಿಯೇ ಬದಲಾಯಿತು. ತಮ್ಮ ಕೊಠಡಿಯಲ್ಲಿ ಮಗಳೊಡನೆ ಪ್ರಾರ್ಥಿಸುವಾಗ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಸದನದ ಹುಡುಗಿಯರಲ್ಲಿ ಕೆಲವರು ತಾವಾಗಿಯೇ ಬಂದು ಕೂಡುತ್ತಿದ್ದರು. ಇದರಿಂದ ೧೮೯೩ರಲ್ಲಿ ಪುಣೆಯಲ್ಲಿ ದೊಡ್ಡ ಗದ್ದಲವಾಯಿತು. ಸಲಹೆಗಾರರು ರಾಜೀನಾಮೆ ಕೊಟ್ಟರು. ಸುಮಾರು ಇಪ್ಪತ್ತೈದು ಹುಡುಗಿಯರನ್ನು ಪೋಷಕರು ಬಿಡಿಸಿಕೊಂಡು ಹೋದರು. ಮತಬೋಧನೆಯಿಲ್ಲದ ಶಾಲೆಯೆಂದು ನಂಬಿ ಕಳುಹಿಸಿದ ತಂದೆತಾಯಿಗಳ ಕಳವಳವನ್ನು ನಾವು ಹಗುರವಾಗಿ ಎಣಿಸಲಾರೆವು. ನಾನಾ ಮತಗಳ ಮಕ್ಕಳನ್ನು ನಂಬಿಕೆಯಿಂದ ನಮ್ಮ ವಶಕ್ಕೆ ಒಪ್ಪಿಸಿದ ಪೋಷಕರು ಈ ಸಂಚಿಕೆಯನ್ನು ಓದುವರಾದ್ದರಿಂದ ಇದನ್ನು ಸ್ಪಷ್ಟವಾಗಿ ಹೇಳುತ್ತೇವೆ. ಯಾರನ್ನೂ ಬಲಾತ್ಕರಿಸಲಿಲ್ಲವೆಂಬುದು ರಮಾಬಾಯಿಯವರ ಪಕ್ಷ. ಜನರ ಮೆಚ್ಚಿಕೆಯನ್ನು ಉಳಿಸಿಕೊಳ್ಳುವುದಕ್ಕಾಗಿ ಬಾಗಿಲನ್ನು ಮುಚ್ಚಿ ಪ್ರಾರ್ಥಿಸುವುದು ಅವರಿಂದ ಆಗಲಿಲ್ಲ. ಹತ್ತು ವರ್ಷಗಳ ಹಿಂದೆಯಾಗಿದ್ದರೆ ರಾನಡೆಯವರಂಥವರ ಅಗಲಿಕೆಯು ಅವರನ್ನು ಕುಗ್ಗಿಸಿಬಿಡುತ್ತಿತ್ತೆಂದು ನಮಗೆ ತೋರುತ್ತದೆ. ಈಗ ದುಃಖಪಟ್ಟರು, ಕುಗ್ಗಲಿಲ್ಲ.

೧೮೯೬ರಲ್ಲಿ ಮಧ್ಯಪ್ರಾಂತ್ಯಗಳಲ್ಲಿ ಬರಗಾಲವು ಬಿದ್ದಿತು. ಹಸಿದ ಹುಡುಗಿಯರ ಸುದ್ದಿಯು ಬಂದಾಗ ರಮಾಬಾಯಿಯವರಿಗೆ ತಿರುಪತಿಯ ಕಾಡು ನೆನಪಾಯಿತು. ಕೈಯಲ್ಲಿ ಹಣವಿಲ್ಲದೆಯೇ ಹೊರಟರು. ಎಲುಬಿನ ಗೂಡುಗಳಂತಿದ್ದ, ಹುಣ್ಣು ಹೇನುಗಳಿಂದ ತುಂಬಿದ್ದ, ಕೆಲವರು ದುಷ್ಟರ ಕೈಗೆ ಬಿದ್ದು ಕೆಟ್ಟಿದ್ದ ಸುಮಾರು ಮುನ್ನೂರು ಮಂದಿ ಹೆಣ್ಣುಮಕ್ಕಳನ್ನು ಕರೆದುತಂದರು. ಶಾರದಾ ಸದನವು ಮೇಲ್ಜಾತಿಯ ವಿಧವೆಯರಿಗಾಗಿ ಆರಂಭವಾದುದು. ಈಗ ಬಂದವರ ಜಾತಿಯನ್ನು ಯಾರೂ ಕೇಳಲಿಲ್ಲ. ಪುಣೆಯಿಂದ ಮೂವತ್ತು ನಾಲ್ವತ್ತು ಮೈಲಿ ದೂರದ ಕೇಡಗಾಂವಿನಲ್ಲಿ ಮೊದಲೇ ಕೊಂಡಿದ್ದ ಹೊಲದಲ್ಲಿ ಗುಡಿಸಿಲುಗಳೆದ್ದುವು, ಬಾವಿಗಳು ತೋಡಲ್ಪಟ್ಟುವು. ಆ ನೆಲೆಗೆ ಅವರು ಮುಕ್ತಿ ಎಂದು ಹೆಸರಿಟ್ಟರು. ಹೆಣ್ಣಿಗೆ ತಾನಾಗಿ ಮುಕ್ತಿಯಿಲ್ಲವೆಂದು ಒಮ್ಮೆ ಓದಿ ಎದೆಯೊಡೆದವರು ಇಟ್ಟ ಹೆಸರು ಇದು!

೧೯೦೦ರ ಗುಜರಾತಿನ ಕ್ಷಾಮವಾದ ಮೇಲೆ ಮುಕ್ತಿಯಲ್ಲಿ ಇದ್ದವರು ಎರಡು ಸಾವಿರದಷ್ಟಾದರು. ದಾರಿತಪ್ಪಿದವರಿಗೆ ಕೃಪಾ ಸದನ, ಮುದುಕಿಯರಿಗೂ ನಿಶ್ಶಕ್ತರಿಗೂ ಪ್ರೀತಿ ಸದನ, ಕುರುಡಿಯರಿಗೆ ಬೆರಳಿನಿಂದ ಓದುವುದನ್ನು ಕಲಿಸುವ ವಿಭಾಗ, ಪುಟ್ಟ ಮಕ್ಕಳಿಗೆ ಬಾಲಬೋಧೆ, ಹೀಗೆ ಅದೊಂದು ಊರೇ ಆಯಿತು. ನೇಯ್ಗೆ, ಹೊಲಿಗೆ, ಎಣ್ಣೆ ತೆಗೆಯುವುದು, ಹೈನು, ತೋಟಗಾರಿಕೆ, ಅಚ್ಚಿನ ಕೆಲಸ, ಇವುಗಳಲ್ಲಿ ಒಂದನ್ನಾದರೂ ಕಲಿಯದ ಹುಡುಗಿಯಿರಲಿಲ್ಲ. ಕೈಗೆಲಸವನ್ನು ಕೀಳೆಂದೆಣಿಸಿದ ಕುಲಾಭಿಮಾನವು ತಮ್ಮ ಕುಟುಂಬವನ್ನು ಹೇಗೆ ಕೊಂದಿತೆಂಬುದನ್ನು ಬಲ್ಲವರು ನಡೆಸಿದ ಶಾಲೆಯಲ್ಲವೇ! ಸ್ವತಃ ರಮಾಬಾಯಿಯವರು ಕತ್ತರಿಸಿದ ಕೂದಲಿನೊಡನೆ ವಿಧವೆಯ ಬಿಳಿಯ ಸೀರೆಯನ್ನೇ ಕಡೆಯ ವರೆಗೆ ಉಟ್ಟರು.

ಕನ್ನಡ ಸೀಮೆಯನ್ನು ಅವರು ಮರೆಯಲಿಲ್ಲ. ಆಗ ನಿಜಾಮ ಸಂಸ್ಥಾನಕ್ಕೆ ಸೇರಿದ್ದ ಗುಲ್ಬರ್ಗದಲ್ಲಿ ೧೯೧೨ರಲ್ಲಿ ಒಂದು ಕ್ರೈಸ್ತ ಪ್ರೌಢಶಾಲೆಯನ್ನು ಸ್ಥಾಪಿಸಿದರು. ಮನೋರಮಾಬಾಯಿಯವರೇ ಅದರ ಮುಖ್ಯೋಪಾಧ್ಯಾಯಿನಿಯಾದರು. ತಾಯಿಯು ಹಸಿವೆಯಿಂದ ಸತ್ತ ರಾಯಚೂರು ಅಲ್ಲಿಗೆ ಬಹು ದೂರವಲ್ಲ.

ಕಡೆಯ ವರ್ಷಗಳನ್ನು ಅವರು ಒಂದು ದೊಡ್ಡ ಕಾರ್ಯಕ್ಕೆ ಕೊಟ್ಟರು. ಆಗ ರೂಢಿಯಲ್ಲಿದ್ದ ಮರಾಠಿ ಸತ್ಯವೇದವು ಹಳ್ಳಿಯ ಹೆಂಗಸರಿಗೆ ಬಿಗಿಯಾದ ಭಾಷೆಯಾಗಿ ತೋರಿದುದರಿಂದ, ಅವರಿಗೆ ತಿಳಿಯುವ ಸರಳ ಮರಾಠಿಯಲ್ಲಿ ಇಡೀ ಸತ್ಯವೇದವನ್ನು ಮೂಲದಿಂದಲೇ ಭಾಷಾಂತರಿಸಲು ಸಂಕಲ್ಪಿಸಿದರು. ಅದಕ್ಕಾಗಿ ನಡುವಯಸ್ಸು ದಾಟುತ್ತಿದ್ದಾಗ ಹೀಬ್ರೂ ಗ್ರೀಕ್ ಭಾಷೆಗಳನ್ನು ಅಭ್ಯಾಸ ಮಾಡಿದರು. ಕಿವಿ ಬಹುಮಟ್ಟಿಗೆ ಕೇಳಿಸುತ್ತಿರಲಿಲ್ಲ. ೧೯೧೯ರಲ್ಲಿ ಸರಕಾರವು ಕೈಸರ್-ಇ-ಹಿಂದ್ ಚಿನ್ನದ ಪದಕವನ್ನು ಕೊಟ್ಟಿತು; ಅವರು ಭಾಷಾ ಕೆಲಸವನ್ನು ಮುಂದುವರಿಸಿದರು. ೧೯೨೧ರ ಜುಲೈ ತಿಂಗಳಲ್ಲಿ ಮನೋರಮೆಯು ನಾಲ್ವತ್ತನೆಯ ವಯಸ್ಸಿನಲ್ಲಿ ಕಾಲವಾದಳು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಈಗ ಮಗಳು; ರಕ್ತಸಂಬಂಧವೆನ್ನುವುದಕ್ಕೆ ಹತ್ತಿರದವರು ಯಾರೂ ಉಳಿಯಲಿಲ್ಲ. ರಮಾಬಾಯಿಯವರು ಮತ್ತೆ ಮೇಜಿನ ಮುಂದೆ ಕುಳಿತು ಅಚ್ಚಿನ ಕರಡುಗಳನ್ನು ತಿದ್ದಿದರು. ಆ ತಿದ್ದುಪಡಿಯು ಮುಗಿದ ಸ್ವಲ್ಪ ಕಾಲದಲ್ಲಿಯೇ, ೧೯೨೨ನೆಯ ಇಸವಿ ಏಪ್ರಿಲ್ ೫ರಲ್ಲಿ, ನಿದ್ರೆಯಲ್ಲಿ ಇದ್ದಂತೆಯೇ ಕರ್ತನ ಸನ್ನಿಧಿಗೆ ಸೇರಿದರು.

ಇಡೀ ಸತ್ಯವೇದವು ೧೯೨೪ರಲ್ಲಿ ಮುಕ್ತಿಯ ಮುದ್ರಣಾಲಯದಿಂದ ಹೊರಬಿದ್ದಿತು. ಅದರ ಮೊಳೆಗಳನ್ನು ಜೋಡಿಸಿದವರೂ, ಹಾಳೆಗಳನ್ನು ಅಚ್ಚುಹಾಕಿದವರೂ ಮುಕ್ತಿಯ ಹೆಂಗಸರು. ಅಕ್ಷರಗಳನ್ನು ಅವರು ಕಲಿತುದೂ ಅಲ್ಲಿಯೇ.